ಮೊಟ್ಟೆಯಿಲ್ಲದ ಹೊಳಪು

ಗಾರೆ ಕೆಲಸಕ್ಕೆ ಹೊಸದಾಗಿ ಕೈ ಹಾಕುತ್ತಿರುವ ತಮ್ಮಂದಿರೇ, ಮನೆ ಅಂದರೆ ಯಜಮಾನನಿಗೆ ಒಳಗಿನದು, ನಮಗೆ ಹೊರಗಿನದು. ಬೀದಿಗೆ ಕಾಣುವ ಗೋಡೆ, ಜಗಲಿ, ಕಂಬ, ಸೂರು, ಸೂರಿನ ನೀರು ಬಿದ್ದು ಸಿಡಿಯುವ ಗೋಡೆಯ ಬುಡ, ಇಷ್ಟೇ ನಮ್ಮ ರಾಜ್ಯ. ಬಿಸಿಲು, ಮಳೆ, ಗೆದ್ದಲು, ಮೈ ತುರಿಸಿಕೊಳ್ಳಲು ಬರುವ ಎಮ್ಮೆ, ಎಲೆಅಡಿಕೆ ಉಗಿಯುವ ನೆಂಟ, ಇವರೆಲ್ಲ ನಮ್ಮ ಶತ್ರುಗಳು. ಎಮ್ಮೆಗೆ ಹೇಳಿದರೆ ಅರ್ಥವಾದೀತು, ನೆಂಟನಿಗೆ ಆಗುವುದಿಲ್ಲ. ನಾನು ಎಷ್ಟು ಮನೆ ಮಾಡಿದೆ, ಯಾರು ಯಾವಾಗ ಶಾಲು ಹೊದಿಸಿದರು ಅನ್ನುವುದನ್ನೆಲ್ಲ ಬರೆಯುವುದಿಲ್ಲ. ಕೆಡಿಸಿದ್ದನ್ನು ಬರೆಯುತ್ತೇನೆ. ನಗು ಬಂದರೆ ನಕ್ಕುಬಿಡಿ, ನಾನೂ ನಗುತ್ತಲೇ ಬರೆಯುತ್ತಿದ್ದೇನೆ.

ನನ್ನ ಹೆಸರು ರಂಗೇಗೌಡ. ಹಾಸನದ ಪಕ್ಕದ ಬೂವನಹಳ್ಳಿಯವನು. ಲೋವರ್ ಸೆಕೆಂಡರಿ ಪಾಸು ಮಾಡಿದ ಮಗ ಗುಮಾಸ್ತನಾಗಲಿ ಎಂದು ಅಪ್ಪನ ಆಸೆ. ನನಗೋ ಗೋಡೆ ಹುಚ್ಚು. ಒದ್ದೆ ಗೋಡೆ ಕಂಡರೆ ಕೈ ಸವರದೆ ಮುಂದೆ ಹೋಗುತ್ತಿರಲಿಲ್ಲ. ಒಂದು ದಿನ ಹಾಗೆಯೇ ಸವರುತ್ತಿದ್ದಾಗ ಹಿಂದಿನಿಂದ ಬೆನ್ನಿಗೆ ಒಂದು ಗುದ್ದು ಬಿತ್ತು. ಗುದ್ದಿದವರು ಹೊಳೆನರಸೀಪುರದ ನಿಂಗಪ್ಪ ಮೇಸ್ತ್ರಿ. "ಗ್ವಾಡೆ ಏನು ನಿಮ್ಮತ್ತೆ ಮಗ್ಳೇನ್ಲಾ, ಸವರ್ತಾ ನಿಂತಿದ್ದೀಯಾ?" ಅಂದರು. ಆ ಗುದ್ದೇ ನನಗೆ ಕೆಲಸಕ್ಕೆ ಸೇರಿದ ಆರ್ಡರು. ಆವತ್ತೇ ಅವರ ಹಿಂದೆ ಹೊರಟೆ.

ನಮ್ಮ ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ನಿಂಗಪ್ಪ ಮೇಸ್ತ್ರಿ ಅಂದರೆ ದೊಡ್ಡ ಹೆಸರು. ಅವರು ಮಾಡಿದ ಜಗಲಿ ಕನ್ನಡಿ ಎಂದು ಜನ ಹೇಳುತ್ತಿದ್ದರು. ಅವರಲ್ಲಿ ಎರಡು ಪರೀಕ್ಷೆಗಳಿದ್ದವು. ಒಂದು ನಾಲಿಗೆಯದು. ಗಾರೆಯನ್ನು ಚೂರು ಬೆರಳಿಗೆ ತೆಗೆದು ನಾಲಿಗೆಗೆ ಮುಟ್ಟಿಸಿ, ಥೂ ಎಂದು ಉಗಿದು, ಬೆಲ್ಲ ಕಮ್ಮಿ, ಮರಳು ಜಾಸ್ತಿ ಎಂದು ಹೇಳಿಬಿಡುತ್ತಿದ್ದರು. ನೀವು ಹಾಗೆ ಮಾಡಬೇಡಿ, ನಾಲಿಗೆ ಸುಟ್ಟುಹೋದೀತು. ಅವರ ನಾಲಿಗೆ ಯಾವತ್ತೋ ಸುಟ್ಟಿತ್ತು, ಅದರಿಂದ ಹೊರಡುತ್ತಿದ್ದ ಮಾತು ಕೇಳಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ಇನ್ನೊಂದು ಮೀಸೆಯದು. ಕೊನೆಯ ಪದರ ಒಣಗಿದ ಮೇಲೆ ಕಂಬದ ಮುಂದೆ ನಿಂತು, ಅದರಲ್ಲಿ ಕಾಣುವ ತಮ್ಮ ಮೀಸೆಯನ್ನು ಹುರಿ ಮಾಡಿಕೊಳ್ಳುತ್ತಿದ್ದರು. ಮೀಸೆ ಕಂಡರೆ ಕೆಲಸ ಪಾಸು. ಕಾಣದಿದ್ದರೆ ಪದರ ಕಿತ್ತು ಮತ್ತೆ ಮಾಡಬೇಕು.

ನನ್ನ ಮೊದಲ ಘನಕಾರ್ಯ ನಡೆದದ್ದು ಅರಕಲಗೂಡಿನಲ್ಲಿ, ಒಬ್ಬ ಶಾನುಭೋಗರ ಮನೆಯಲ್ಲಿ. ಸುಟ್ಟ ಸುಣ್ಣಕ್ಕೆ ನೀರು ಹುಯ್ದು ಅರಳಿಸಿ, ಆಮೇಲೆ ಒಂದು ತಿಂಗಳಾದರೂ ನೀರಿನಲ್ಲೇ ಕೊಳೆಯಲು ಬಿಡಬೇಕು. ಇದು ಮೊದಲ ಪಾಠ. ಮೇಸ್ತ್ರಿ ಬೇರೆ ಊರಿಗೆ ಹೋಗಿದ್ದರು. ನಾನು ಲೋವರ್ ಸೆಕೆಂಡರಿ ಬುದ್ಧಿವಂತನಲ್ಲವೇ? ತಿಂಗಳು ಯಾಕೆ, ಎಂಟು ದಿನ ಸಾಕು ಎಂದುಕೊಂಡು ಬೀದಿಗೋಡೆಗೆಲ್ಲ ನುಣ್ಣಗೆ ಸಾರಣೆ ಮಾಡಿ ಮುಗಿಸಿದೆ. ವಾರ ಕಳೆಯುವುದರೊಳಗೆ ಒಳಗಿದ್ದ ಅರಳದ ಹರಳುಗಳು ಒಂದೊಂದಾಗಿ ಊದಿಕೊಂಡು ಟಪ್ ಟಪ್ ಎಂದು ಸಿಡಿಯತೊಡಗಿದವು. ಬೆಳ್ಳನೆಯ ಗೋಡೆಯ ತುಂಬಾ ಬೊಬ್ಬೆ.

ಶಾನುಭೋಗರ ಸೋದರತ್ತೆ ಒಬ್ಬಾಕೆ ಇದ್ದರು, ತುಂಬ ವಯಸ್ಸಾದವರು. ಗೋಡೆ ನೋಡಿದವರೇ ಕೆನ್ನೆ ಕೆನ್ನೆ ಬಡಿದುಕೊಂಡು, ಮನೆಗೆ ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಸಿದರು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಗೊತ್ತಲ್ಲ? ನಾನು ಹೋದಾಗ ಶಾನುಭೋಗರು ಜಗಲಿಯಲ್ಲಿ ಕೆಂಡವಾಗಿ ಕೂತಿದ್ದರು.

"ಮೂರು ದಿವಸವಾಯ್ತಯ್ಯಾ, ಒಗ್ಗರಣೆ ಇಲ್ಲದ ಸಾರು! ಸಿಡುಬು ಗೋಡೆಗೆ, ಪಥ್ಯ ನನಗೆ! ಇದು ಯಾವ ನ್ಯಾಯ?"

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೇಸ್ತ್ರಿಗೆ ಸುದ್ದಿ ಮುಟ್ಟಿತು. ಬಂದವರು ನೋಡಿದರು, ಒಂದು ಬೊಬ್ಬೆ ಒಡೆದು ನಾಲಿಗೆಗೆ ಮುಟ್ಟಿಸಿದರು, ನನ್ನ ಕೈಯಿಂದ ಗಾರೆ ಬಳಿಯುವ ಕರಣೆ ಕಿತ್ತುಕೊಂಡರು. "ಓಗ್ಲಾ, ಎಂಗುಸ್ರ ಜೊತೆ ಗಾರೆ ಅರಿಯೋಗು. ಸುಣ್ಣ ಅಂದ್ರೆ ಏನು ಅಂತ ಅವರು ಕಲುಸ್ತಾರೆ." ಹಾಗೆ ನಾನು ಹೊಳೆನರಸೀಪುರದ ಅವರ ಹಿತ್ತಲಿನ ಗಾರೆಗಾಣಕ್ಕೆ ಬಂದು ಬಿದ್ದೆ. ಇಡೀ ಜೀವಮಾನದಲ್ಲಿ ಅಂಥ ಒಳ್ಳೆಯ ಶಿಕ್ಷೆ ಇನ್ನೊಂದು ಸಿಗಲಿಲ್ಲ.

ಯಾಕೆಂದರೆ ಅಲ್ಲಿ ಸಾಕಮ್ಮ ಇದ್ದಳು. ಮೇಸ್ತ್ರಿಯ ಒಬ್ಬಳೇ ಮಗಳು. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ ಮರಳು ಅರೆದು ಬಂದ ಮೇಲೆ, ಹೊರಮೈಯ ಪದರಕ್ಕೆ ಬೇಕಾದದ್ದನ್ನು ಹೆಂಗಸರು ಕಲ್ಲಿನ ಮೇಲೆ ಬೆಣ್ಣೆಯ ಹಾಗೆ ಮತ್ತೆ ಅರೆಯುತ್ತಿದ್ದರು. ಅಳಲೆಕಾಯಿ ನೆನೆಸಿದ ನೀರೆಷ್ಟು, ಬೆಲ್ಲದ ನೀರೆಷ್ಟು ಎನ್ನುವುದೆಲ್ಲ ಸಾಕಮ್ಮನ ಕೈಯಳತೆ. ಅವಳ ಕೈ ಹದ ಬಿಟ್ಟುಕೊಡಲು ಮನಸ್ಸಿಲ್ಲದೆ ಮೇಸ್ತ್ರಿ ಬಂದ ಗಂಡುಗಳನ್ನೆಲ್ಲ ಒಂದೊಂದು ನೆಪ ಹೇಳಿ ವಾಪಸು ಕಳಿಸುತ್ತಿದ್ದರು. ನಾನು ಸೇರಿದ ಎರಡನೆಯ ದಿನವೇ ಬೆಲ್ಲದ ನೀರು ಕುಡಿಯುತ್ತಾ ಸಿಕ್ಕಿಬಿದ್ದೆ.

"ಆ ನೀರು ಗ್ವಾಡೆಗೆ ಕಣ್ ದೊರೆ, ನಿನ್ ಗಂಟ್ಲಿಗಲ್ಲ," ಅಂದಳು.

ಅಂದಿನಿಂದ ನಾನು ಅವಳ ಬಾಯಲ್ಲಿ ಬೂವನಳ್ಳಿ ದೊರೆ. ದೊರೆ ಬಾ, ದೊರೆ ಎತ್ತು ಹೂಡು, ದೊರೆ ಸಗಣಿ ಬಾಚು. ಕರೆದಾಗಲೆಲ್ಲ ಎದ್ದು ಓಡುತ್ತಿದ್ದೆ. ಅವಳು ಬೈಯದ ದಿನ ನನಗೆ ಊಟ ಸೇರುತ್ತಿರಲಿಲ್ಲ. ನಮ್ಮ ಪೈಕಿಯವರೇ ಆದ್ದರಿಂದ ಹೆಣ್ಣು ಕೇಳುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಧೈರ್ಯ ಬರುವುದಕ್ಕೆ ಮಾತ್ರ ನಾಲ್ಕು ವರ್ಷ ಹಿಡಿಯಿತು.

ಅಷ್ಟರಲ್ಲಿ ಮೇಸ್ತ್ರಿಯ ಗುಟ್ಟೂ ನನಗೆ ಗೊತ್ತಾಗಿತ್ತು. ಕೊನೆಯ ಪದರದ ಗಾರೆಯನ್ನು ಅವರು ಗೋಣಿತಾಟಿನ ಮರೆಯಲ್ಲಿ ಒಬ್ಬರೇ ಕಲಸುತ್ತಿದ್ದರು. ಅದಕ್ಕೆ ಬೀಳುತ್ತಿದ್ದದ್ದು ಕೋಳಿಮೊಟ್ಟೆಯ ಬಿಳಿ. ಹಳ್ಳಿಮೈಸೂರಿನ ಸಂತೆಯಿಂದ ಹುಲ್ಲಿನ ಬುಟ್ಟಿಯಲ್ಲಿ ಬರುತ್ತಿತ್ತು, ಮೇಲೆ ನಾಲ್ಕು ಅಚ್ಚು ಬೆಲ್ಲ ಮುಚ್ಚಿಕೊಂಡು. ನಮ್ಮಂಥವರ ಮನೆಯಾದರೆ ಯಾರಿಗೇನು? ಆದರೆ ಮೇಸ್ತ್ರಿಯ ಕನ್ನಡಿ ಜಗಲಿಗಳು ಹೆಚ್ಚಾಗಿ ಇದ್ದದ್ದು ಮೊಟ್ಟೆ ಎಂದರೆ ಮಾರು ದೂರ ಹಾರುವವರ ಮನೆಗಳಲ್ಲಿ! ಅವರಲ್ಲಿ ಯಾರಾದರೂ ಕೇಳಿದರೆ ಮೇಸ್ತ್ರಿ ಗಂಗಮ್ಮನ ಆಣೆ ಇಟ್ಟು ಇಲ್ಲ ಎನ್ನುತ್ತಿದ್ದರು. "ಒಳಪು ಅವರಿಗೂ ಬೇಕು, ನಮಗೂ ಬೇಕು. ಗ್ವಾಡೆ ಏನು ಬಾಯಿಬಿಡ್ತದಾ?" ಎಂದು ನಮ್ಮ ಹತ್ತಿರ ಹೇಳುತ್ತಿದ್ದರು. ನನಗೂ ಆಗ ಅದು ಸರಿಯೆಂದೇ ಕಂಡಿತ್ತು.

ಇದರ ನಡುವೆ ಸಿಮೆಂಟು ಬಂತು. ಹಾಸನದಲ್ಲಿ ಒಬ್ಬ ವಕೀಲರು ಹೊಸ ಬಂಗಲೆಗೆ ಸಿಮೆಂಟು ಸಾರಣೆ ಮಾಡಿಸಿದರು. ಮೇಸ್ತ್ರಿ ನನ್ನನ್ನೂ ಕರೆದುಕೊಂಡು ನೋಡಲು ಹೋಗಿ, ಸುತ್ತಮುತ್ತ ಯಾರೂ ಇಲ್ಲದ್ದು ನೋಡಿ, ಗೋಡೆಗೆ ನಾಲಿಗೆ ಮುಟ್ಟಿಸಿದರು. "ಥೂ! ಬೂದಿ! ರುಚೀನೇ ಇಲ್ಲ ಕಣ್ಲಾ!" ಎಂದು ದಾರಿಯುದ್ದಕ್ಕೂ ಉಗಿದರು. ಆದರೂ ಎರಡೇ ವರ್ಷದಲ್ಲಿ ಸಿಮೆಂಟಿನ ಹುಚ್ಚು ಹೆಚ್ಚಿ ನಮ್ಮ ಗಾಣದ ಎತ್ತು ಮೇದು ಮೇದು ದಪ್ಪವಾಯಿತು, ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ. ಆಮೇಲೆ ಯುದ್ಧ ಬಂತು, ಸಿಮೆಂಟು ಪರ್ಮಿಟ್ಟಿಗೆ ಹೋಯಿತು, ಸುಣ್ಣಕ್ಕೆ ಮತ್ತೆ ಮರ್ಯಾದೆ ಬಂತು. ವಕೀಲರ ಬಂಗಲೆಯ ಗೋಡೆ ಬಿರುಕು ಬಿಟ್ಟು ಅವರೂ ಮೇಸ್ತ್ರಿಗೆ ಹೇಳಿಕಳಿಸಿದರು. ಅದೇ ಹೊತ್ತಿಗೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಚನ್ನಬಸಪ್ಪ ಸಾವುಕಾರರ ಮನೆಯಿಂದಲೂ ಕರೆ ಬಂತು. ಮೂವತ್ತು ವರ್ಷದ ಹಿಂದೆ ಮೇಸ್ತ್ರಿಯೇ ಮಾಡಿದ್ದ ಜಗಲಿ, ಕಂಬಗಳು ಹಾಳಾಗಿದ್ದವು, ಹೊಸದಾಗಿ ಮಾಡಿಕೊಡಬೇಕು.

ಒಬ್ಬರೇ ಎರಡು ಕಡೆ ಇರಲಾಗುತ್ತದೆಯೇ? ನಾನು ಆ ಸಂದು ನೋಡಿ, ಕಣ್ಣು ಮುಚ್ಚಿಕೊಂಡು, ಸಾಕಮ್ಮನನ್ನು ಕೊಡಿ ಎಂದು ಕೇಳಿಬಿಟ್ಟೆ. ಹೊಡೆತಕ್ಕೆ ಬೆನ್ನು ಒಡ್ಡಿಕೊಂಡೇ ಕೇಳಿದೆ. ಮೇಸ್ತ್ರಿ ಹೊಡೆಯಲಿಲ್ಲ, ಬಹಳ ಹೊತ್ತು ಮೀಸೆ ಹುರಿ ಮಾಡಿದರು.

"ಚನ್ರಾಯಪಟ್ಣದ ಕೆಲ್ಸ ನಿಂದು. ಎರಡು ಜಗ್ಲಿ, ನಾಕು ಕಂಬ. ಮುಗುದ್ಮ್ಯಾಕೆ ನಾನು ಬಂದು ನೋಡ್ತೀನಿ. ನನ್ ಮೀಸೆ ಕಂಡ್ರೆ ಸಾಕಿನ ಕೊಡ್ತೀನಿ. ಕಾಣ್ನಿಲ್ವಾ, ಬೂವನಳ್ಳಿಗೋಗಿ ನಿಮ್ಮಪ್ಪನ ಒಲ ಉಳು. ನನ್ ಗಾಣದ ಕಡಿಕ್ ಬರ್ಬ್ಯಾಡ."

ಸಾಕಮ್ಮನೂ ಅರೆಯುವ ಹೆಂಗಸರೂ ಗಾಡಿಯಲ್ಲಿ ಮುಂದೆ ಹೋದರು. ಮೊಟ್ಟೆಬುಟ್ಟಿ ತರುವ ಭಾರ ನನ್ನದು. ಗಾಡಿಯ ಕುಲುಕಾಟಕ್ಕೆ ಒಡೆದೀತು ಎಂದು ಬಸ್ಸಿಗೆ ಹತ್ತಿದೆ. ಯುದ್ಧದ ಕಾಲದ ಇದ್ದಿಲು ಗ್ಯಾಸಿನ ಬಸ್ಸು, ಹಿಂದೆ ಒಲೆ ಹೊತ್ತುಕೊಂಡು ಕೆಮ್ಮುತ್ತಾ ಹೋಗುತ್ತಿತ್ತು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ನಾನು ಬುಟ್ಟಿಗೆ ಕಂಬಳಿ ಸುತ್ತಿ ಎದೆಗವಚಿಕೊಂಡು ಕೂತಿದ್ದೆ. ಬಸ್ಸು ಎಗರಿದಾಗಲೆಲ್ಲ ಅಯ್ಯೋ ಕಂದಾ ಎನ್ನುತ್ತಿದ್ದೆನಂತೆ. ಪಕ್ಕದ ಹೆಂಗಸು ಮರುಗಿ, "ಈ ಮಗೀನ ಯಾಕಪ್ಪ ಇಳುಸ್ತೀರಾ, ಅವನೊಬ್ಬ ಕುಂತಿರ್ಲಿ ಬಿಡಿ," ಎಂದು ಕಂಡಕ್ಟರನಿಗೆ ಹೇಳಿ ನನ್ನನ್ನು ತಳ್ಳುವ ಕೆಲಸದಿಂದ ಉಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಎಣ್ಣೋ ಗಂಡೋ?"

"ಇನ್ನೂ ಗೊತ್ತಾಗಿಲ್ಲ ಕಣವ್ವ," ಅಂದುಬಿಟ್ಟೆ.

ಆಕೆ ಚನ್ನರಾಯಪಟ್ಟಣದವರೆಗೂ ನನ್ನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಲೇ ಇದ್ದಳು.

ಸಾವುಕಾರರ ಮನೆ ಮುಂದೆ ಇಳಿದಾಗ ಜಗಲಿಯ ಮೇಲೆ ಅವರ ತಾಯಿ ಕೂತಿದ್ದರು. ಊರಿಗೆಲ್ಲ ಅವರು ದೊಡ್ಡವ್ವ. ಹಲ್ಲಿಲ್ಲ, ಕೊರಳಲ್ಲಿ ಲಿಂಗ, ಕಣ್ಣಿಗೆ ಮಂಜು ಕವಿದಿತ್ತು. ಬೆಳಿಗ್ಗೆ ಬೀದಿ ಏಳುವ ಮೊದಲು ಅಲ್ಲೇ ಲಿಂಗಪೂಜೆ, ಆಮೇಲೆ ಕತ್ತಲಾಗುವವರೆಗೂ ಅಲ್ಲೇ ವಾಸ. ಅವರ ಕಣ್ಣಿಗೆ ಬೀದಿ ಕಾಣುತ್ತಿರಲಿಲ್ಲ, ಆದರೆ ಹೊಳೆಯುವ ಕಂಬಕ್ಕೆ ಮುಖ ಹತ್ತಿರ ಇಟ್ಟುಕೊಂಡು ಕೂತರೆ ಅದರಲ್ಲಿ ಆಡುವ ಬಣ್ಣ, ನೆರಳುಗಳಿಂದ ಯಾರು ಹೋದರು, ಏನು ಬಂತು ಎಂದು ತಿಳಿಯುತ್ತಿತ್ತು. ಕಂಬ ಮಂಕಾದ ಮೇಲೆ ಅದೂ ಹೋಗಿತ್ತು. ಕೆಲಸ ಮಾಡಿಸಲೇಬೇಕು ಎಂದು ಮಗನ ಬೆನ್ನು ಹತ್ತಿದವರು ಅವರೇ.

"ಯಾರಪ್ಪಾ, ನಿಂಗಪ್ಪನ ಕಡೆಯೋನಾ? ಬೆಲ್ಲದ ವಾಸನೆ ಬತ್ತಾ ಐತೆ. ಒಂದು ಚೂರು ಕೊಡು."

ಮೇಲಿನ ಅಚ್ಚು ಮುರಿದು ಕೊಟ್ಟೆ. ಬಾಯಿಗೆ ಹಾಕಿಕೊಂಡವರೇ ಇನ್ನೊಂದು ಚೂರಿಗೆ ಬುಟ್ಟಿಯೊಳಗೇ ಕೈ ಇಟ್ಟರು. "ಚೇಳಿರ್ತದೆ ದೊಡ್ಡವ್ವಾ!" ಎಂದು ಕಿರುಚಿ ಬುಟ್ಟಿ ಎಳೆದುಕೊಂಡೆ. ಅವರು ಸುಮ್ಮನೆ ನಕ್ಕು, ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ನಿಜ ಹೇಳು ಮಗ. ಹೊಳಪಿಗೆ ಮೊಟ್ಟೆ ಹಾಕ್ತಾರಂತೆ, ಹೌದಾ? ಹಿಂದೆ ನಿಂಗಪ್ಪನ ಕೇಳಿದ್ದೆ. ಗಂಗಮ್ಮನ ಆಣೆ ಇಲ್ಲ ಅಂದಿದ್ದ. ನೀನು ಆಣೆಗೀಣೆ ಮಾಡ್ಬ್ಯಾಡ. ಹಾಕಲ್ಲ ಅಂತ ಒಂದೇ ಒಂದು ಮಾತು ಹೇಳು, ನಂಬ್ತೀನಿ."

ಆಣೆ ಕೇಳಿದ್ದರೆ ಮೇಸ್ತ್ರಿಯ ಹಾಗೆ ಇಟ್ಟುಬಿಡುತ್ತಿದ್ದೆನೋ ಏನೋ. ನಂಬುತ್ತೇನೆ ಎಂದುಬಿಟ್ಟರಲ್ಲ! "ಈ ಜಗಲಿಗೆ ಹಾಕಲ್ಲ ದೊಡ್ಡವ್ವ," ಎಂದೆ. ಹೇಳಿದ ಮೇಲೆ ನೆನಪಾಯಿತು, ಹಾಕದಿದ್ದರೆ ಮೀಸೆ ಕಾಣುವುದಿಲ್ಲ, ಮೀಸೆ ಕಾಣದಿದ್ದರೆ ಸಾಕಮ್ಮ ಇಲ್ಲ.

ಹಿತ್ತಲಿಗೆ ಹೋಗಿ ಸಾಕಮ್ಮನಿಗೆ ಹೇಳಿದೆ. ಅವಳು ಅರೆಯುತ್ತಿದ್ದ ಗುಂಡು ಬಿಟ್ಟು ಎದ್ದು ನಿಂತಳು.

"ನಿನ್ ಮನೆ ಕಾಯೋಗ! ಮಾತು ಕೊಡೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬೇಕು ಅನ್ನುಸ್ನಿಲ್ವಾ? ಪಣಕ್ಕಿಟ್ಟಿರೋದು ನಿನ್ನೊಬ್ಬನ ಮದ್ವೇನಾ? ನಂದೂ ಅಲ್ವಾ?"

ನಂದೂ ಅಲ್ವಾ! ಅದರ ಮುಂದೆ ಅವಳು ಬೈದದ್ದು ಒಂದೂ ನನಗೆ ಕೇಳಿಸಲಿಲ್ಲ. ಬಾಯಿ ಬಿಟ್ಟುಕೊಂಡು ನಗುತ್ತಾ ನಿಂತಿದ್ದೆನಂತೆ. ಅವಳು ಸುಣ್ಣದ ಕೈಯಲ್ಲೇ ನನ್ನ ತಲೆಗೊಂದು ಮೊಟಕಿ, "ಕೊಟ್ಟಿದ್ದು ಕೊಟ್ಟಾಯ್ತು. ಆ ಮುದುಕಿಗೆ ಸುಳ್ಳೇಳಿ ನಾನು ಅಸೆಮಣೆ ಏರಲ್ಲ. ನಡಿ, ಬ್ಯಾರೆ ಏನಾದ್ರೂ ನೋಡಾನ," ಅಂದಳು.

ಹಿತ್ತಲ ಗೋಡೆ ನಮ್ಮ ಪರೀಕ್ಷೆಯ ಹಲಗೆಯಾಯಿತು. ಮೊದಲು ಮೊಸರು ಹಾಕಿ ಮೊಳದಗಲ ಪದರ ಕೊಟ್ಟೆವು. ಬೆಳಿಗ್ಗೆ ನೋಡಿದರೆ ಬೀದಿಯ ಮೂರು ಬೆಕ್ಕುಗಳು ಸಾಲಾಗಿ ನಿಂತು ಗೋಡೆ ನೆಕ್ಕುತ್ತಿವೆ. ಬೆಲ್ಲದ ನೀರು ಜಾಸ್ತಿ ಮಾಡಿದೆವು, ಕಟ್ಟಿರುವೆ ಜಾತ್ರೆಯೇ ಬಂತು. ಲೋಳೆಸರ ಹಾಕಿದೆವು, ಗೋಡೆ ಕಾಮಾಲೆ ಹಿಡಿದವನ ಹಾಗೆ ಹಳದಿಯಾಯಿತು. ಬೆಂಡೆಕಾಯಿ ಲೋಳೆ ಹಾಕಿದ್ದು ಒಣಗಲೇ ಇಲ್ಲ, ಕೈ ಇಟ್ಟವರ ಕೈ ಅಲ್ಲೇ. ಸಾವುಕಾರರು ದಿನಾ ಬಂದು ನೋಡಿ, "ಗಾರೆ ಮಾಡ್ತಿದ್ದೀರೋ ಹುಳಿ ಮಾಡ್ತಿದ್ದೀರೋ?" ಎಂದು ಕೇಳಿ ಅಂಗಡಿಗೆ ಹೋಗುತ್ತಿದ್ದರು. ನಾವೋ ಒಂದೊಂದು ಕೆಟ್ಟಾಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಗು ನಿಂತ ಮೇಲೆ ಇಬ್ಬರೂ ಮೇಸ್ತ್ರಿ ಬರುವ ದಿನ ಎಣಿಸುತ್ತಿದ್ದೆವು. ದಿನ ಸರಿಯುತ್ತಿತ್ತು.

ಮೊಟ್ಟೆ ಏನಾಯಿತು ಎನ್ನುತ್ತೀರಾ? ಆ ಮನೆಯ ಹಿತ್ತಲಲ್ಲಿ ಇಡುವುದು ತಪ್ಪೆಂದು ಬುಟ್ಟಿಯನ್ನು ಊರಾಚೆ ಸುಣ್ಣ ಅರಳಿಸುವ ಗುಂಡಿಯ ಬಳಿಗೆ ಸಾಗಿಸಿದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದಲ್ಲ, ಆ ಗುಂಡಿಯಲ್ಲಿ ನೀರಿನ ಮಡಕೆ ಇಳಿಸಿ ಮೊಟ್ಟೆಗಳನ್ನು ಬೇಯಿಸಿದೆವು. ಸೌದೆಯಿಲ್ಲ, ಹೊಗೆಯಿಲ್ಲ. ನಾನು, ಸಾಕಮ್ಮ, ಅರೆಯುವ ಹೆಂಗಸರು ಉಪ್ಪು ಮೆಣಸು ಹಾಕಿಕೊಂಡು ಮೂರು ದಿನ ತಿಂದೆವು. ಆಮೇಲೆ ಕೆರೆಯಲ್ಲಿ ಮಿಂದು ಬಂದು ಕೆಲಸಕ್ಕೆ ಕೂರುತ್ತಿದ್ದೆವು.

ಕೊನೆಗೆ ದಾರಿ ಕಂಡವಳು ಸಾಕಮ್ಮ. ಸಾವುಕಾರರ ಹಿತ್ತಲಲ್ಲಿ ದೊಡ್ಡವ್ವನ ಪೂಜೆಗೆಂದೇ ಬೆಳೆಸಿದ ಬಿಲ್ವದ ಮರವಿತ್ತು. ಕೆಳಗೆ ಬಿದ್ದು ಒಡೆದಿದ್ದ ಕಾಯಿಯೊಂದನ್ನು ತುಳಿದಳು, ಅಂಗಾಲಿಗೆ ಮೆತ್ತಿಕೊಂಡ ಅಂಟು ಎಷ್ಟು ತೊಳೆದರೂ ಹೋಗಲಿಲ್ಲ, ಒಣಗಿ ಗಾಜಿನಂತಾಯಿತು. ಓಡಿಬಂದು ನನಗೆ ಕಾಲು ತೋರಿಸಿದಳು. ನಾವಿಬ್ಬರೂ ದೊಡ್ಡವ್ವನ ಬಳಿ ಹೋಗಿ ಕಾಯಿ ಕಿತ್ತುಕೊಳ್ಳಲೇ ಎಂದು ಕೇಳಿದೆವು.

"ಶಿವನಿಗೆ ಎಲೆ ಬೇಕು. ಕಾಯಿ ಇಟ್ಕೊಂಡು ಅವನೇನು ಚೆಂಡಾಡ್ತಾನಾ? ಕಿತ್ಕೊಳ್ಳಿ," ಅಂದರು.

ಬಿಲ್ವದ ಅಂಟು, ಅಳಲೆಕಾಯಿ ನೀರು, ಬೆಣ್ಣೆಯಂತೆ ಅರೆದ ಹಳೆಯ ಸುಣ್ಣ. ಮೇಲೆ ಉದುರಿಸಲು ಬಳಪದ ಕಲ್ಲಿನ ಹುಡಿ. ಮೊದಲ ದಿನ ಒಳ್ಳೆಯ ಬಿಳುಪು ಬಂತು, ಹೊಳಪು ಬರಲಿಲ್ಲ. ಸಿಟ್ಟಿಗೆ ನಾನು ಹೇಮಾವತಿ ಹೊಳೆಯ ನುಣುಪುಗಲ್ಲು ತೆಗೆದುಕೊಂಡು ಅದನ್ನೇ ಉಜ್ಜತೊಡಗಿದೆ. ಬಿಡದೆ ಉಜ್ಜಿದೆ. ಬಿಸಿಲು ಇಳಿಯುವ ಹೊತ್ತಿಗೆ ಗೋಡೆ ಸಣ್ಣಗೆ ಬೆವರಿತು. ಹೌದು ತಮ್ಮಂದಿರೇ, ಗೋಡೆಯ ಮೈಮೇಲೆ ನೀರು ಹನಿಯೊಡೆಯಿತು. ಅದನ್ನು ಒರೆಸಿ ಮತ್ತೆ ಉಜ್ಜಿದಾಗ ಸಾಕಮ್ಮನ ಮೂಗುಬೊಟ್ಟು ಗೋಡೆಯೊಳಗಿನಿಂದ ಮಿಂಚಿತು. ನಾವಿಬ್ಬರೂ ಹೋ ಎಂದು ಕೂಗಿಕೊಂಡ ಕೂಗಿಗೆ ಸಾವುಕಾರರು ಹಾವು ಬಂತೆಂದು ದೊಣ್ಣೆ ಹಿಡಿದುಕೊಂಡು ಬಂದರು.

ಆಮೇಲೆ ಎರಡು ಜಗಲಿ, ನಾಲ್ಕು ಕಂಬ. ಒಂದು ಕಂಬ ಹಿಡಿದರೆ ಅದು ಬೆವರುವವರೆಗೆ ಕೈ ನಿಲ್ಲಿಸುವ ಹಾಗಿಲ್ಲ. ಸರದಿಯ ಮೇಲೆ ಉಜ್ಜಿದೆವು. ನನ್ನ ಅಂಗೈ ಬೊಬ್ಬೆ ಎದ್ದಾಗ ಸಾಕಮ್ಮ ತನ್ನ ಹಳೆಯ ಸೀರೆಯ ಚೂರು ಹರಿದು ಕಟ್ಟಿದಳು. ನೋವು ಹೋಯಿತೇ ಎಂದು ಕೇಳಬೇಡಿ, ಇನ್ನೊಂದು ಕೈಯಲ್ಲೂ ಬೊಬ್ಬೆ ಏಳಲಿ ಎಂದು ನಾನು ಜೋರಾಗಿ ಉಜ್ಜಿದೆ. ಕೊನೆಯ ಕಂಬ ಮುಗಿದ ದಿನ ದೊಡ್ಡವ್ವ ಅದಕ್ಕೆ ಮುಖ ಹತ್ತಿಸಿಕೊಂಡು ಕೂತು, ಇದ್ದಕ್ಕಿದ್ದಂತೆ ಕೂಗಿದರು. "ಕೆಂಪು ಸೀರೆಯೋಳು ಹೋದ್ಲು! ಬಿಂದಿಗೆ ಐತೆ ಸೊಂಟದಾಗೆ! ಅಯ್ಯೋ ಎಮ್ಮೆ ಬಂತು, ಓಡಿಸ್ರೋ!" ನಿಜವಾಗಿ ಎಮ್ಮೆ ಬಂದಿತ್ತು. ಓಡಿಸಿದೆವು.

ಮೇಸ್ತ್ರಿ ಹಾಸನದ ಬಸ್ಸಿನಲ್ಲಿ ಬಂದರು. ಬೀದಿಯ ಜನ ಆಗಲೇ ಕಂಬ ನೋಡಲು ಸೇರಿದ್ದರು. ಮೇಸ್ತ್ರಿ ಯಾರನ್ನೂ ಮಾತಾಡಿಸದೆ ನೇರವಾಗಿ ಮೊದಲ ಕಂಬದ ಮುಂದೆ ನಿಂತರು. ಅವರ ಕೈ ಮೆಲ್ಲಗೆ ಮೇಲೆ ಹೋಯಿತು. ಮೀಸೆ ಹುರಿ ಮಾಡಿದರು. ಎಡಗಡೆ ಹುರಿ ಮಾಡಿದರು, ಬಲಗಡೆ ಹುರಿ ಮಾಡಿದರು. ಒಂದು ನರೆಗೂದಲು ಕಂಡಿತೆಂದು ಕಾಣುತ್ತದೆ, ಅದನ್ನು ಕಂಬದಲ್ಲಿ ನೋಡಿಕೊಂಡೇ ಕಿತ್ತರು! ಆಮೇಲೆ ಖುಷಿ ತಡೆಯಲಾರದೆ ನನ್ನ ಬೆನ್ನಿಗೆ ಗುದ್ದಿ, ಬೀದಿಗೆಲ್ಲ ಕೇಳುವಂತೆ ಕೂಗಿದರು.

"ಭಲೆ ಕಣ್ಲಾ! ನಂಗೇ ಇಂಗೆ ಬಂದಿರ್ನಿಲ್ಲ! ಎಷ್ಟು ಮೊಟ್ಟೆ ಆಕ್ದೆ ಲೇ?"

ದೊಡ್ಡವ್ವ ಜಗಲಿಯ ಮೇಲೇ ಇದ್ದರು. ಅವರ ಕೈ ಕೊರಳಿನ ಲಿಂಗದ ಮೇಲೆ ಹೋಯಿತು.

"ಒಂದೂ ಹಾಕಿಲ್ಲ ಮೇಸ್ತ್ರೀ," ಎಂದೆ.

"ನಂಗೇ ಸುಳ್ಳೇಳ್ತೀಯಾ? ಮೊಟ್ಟೆ ಇಲ್ದೆ ಈ ಒಳಪು ಎಲ್ಲಿಂದ ಬತ್ತದೆ? ಇದೇ ಜಗ್ಲಿಗೆ ಇಂದೆ ನಾನೇ ಬುಟ್ಟಿಗಟ್ಲೆ..." ಎಂದವರು ಅಲ್ಲಿಗೆ ನಿಂತರು. ನಾಲಿಗೆ ಕಚ್ಚಿಕೊಂಡರು. ಆದರೆ ಮಾತು ಆಡಿ ಆಗಿತ್ತು.

"ಮಗ, ನನ್ನ ಕೈ ಹಿಡಿದು ಮಾತು ಕೊಟ್ಟಿದ್ದೆ," ಎಂದರು ದೊಡ್ಡವ್ವ. ಅಷ್ಟೇ ಅಂದದ್ದು. ಇಲ್ಲ ಎಂದು ತಲೆಯಾಡಿಸಿದೆ, ಅವರ ಕಣ್ಣಿಗೆ ಅದು ಕಾಣುವುದಿಲ್ಲ ಎನ್ನುವುದೂ ಹೊಳೆಯಲಿಲ್ಲ. ಅಷ್ಟು ವರ್ಷ ಆಣೆ ಇಟ್ಟವರ ಶಿಷ್ಯ ನಾನು, ನನ್ನನ್ನು ಯಾರು ನಂಬುತ್ತಾರೆ?

ಸಾಕಮ್ಮ ಹೆಂಗಸರ ಗುಂಪಿನಿಂದ ಮುಂದೆ ಬಂದಳು.

"ಅಪ್ಪಯ್ಯ, ಊರ ಮುಂದೆ ಯಾಕೆ ವಾದ? ನಿನ್ ನಾಲ್ಗೆ ಐತಲ್ಲ, ನೆಕ್ ನೋಡು."

ಮೇಸ್ತ್ರಿ ಸುತ್ತ ನೋಡಿದರು. ಬೇರೆ ದಾರಿಯಿರಲಿಲ್ಲ. ಚನ್ನರಾಯಪಟ್ಟಣದ ಬೀದಿಯಲ್ಲಿ, ಅಷ್ಟು ಜನರ ಮುಂದೆ, ಬಗ್ಗಿ ಕಂಬಕ್ಕೆ ನಾಲಿಗೆ ಇಟ್ಟರು. ಕಣ್ಣು ಮುಚ್ಚಿದರು. ಎರಡನೆಯ ಕಂಬಕ್ಕೆ ಹೋದರು, ನೆಕ್ಕಿದರು. ಮೂರನೆಯದನ್ನೂ ನೆಕ್ಕಿದರು. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಯಾರೋ ಕಿಸಕ್ಕೆಂದರು. ಮೇಸ್ತ್ರಿ ಅಲ್ಲೇ ಜಗಲಿಯ ಅಂಚಿನಲ್ಲಿ ಕುಸಿದು ಕೂತರು.

"ಬಿಲ್ವ," ಅಂದರು. "ಬಳಪದ ಉಡಿ. ಮೊಟ್ಟೆ ಇಲ್ಲ." ಮಗಳ ಮುಖ ನೋಡಿ ಹೇಳಿದರು. "ಅಂಗಾದ್ರೆ ನಾನು ಇಷ್ಟು ವರ್ಸ ಸುಮ್ ಸುಮ್ನೆ ಸುಳ್ಳೇಳ್ಕಂಡ್ ತಿರುಗುದ್ನಾ?"

ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ನಾಲ್ಕು ತಾಲ್ಲೂಕು ನಡುಗಿಸಿದ ಮನುಷ್ಯ, ಮಗುವಿನ ಹಾಗೆ ಕೂತಿದ್ದರು. ನನಗೆ ಗೆದ್ದ ಸಂತೋಷವೇ ಆಗಲಿಲ್ಲ. ದೊಡ್ಡವ್ವ ಏನು ಹೇಳುತ್ತಾರೋ ಎಂದು ಬೀದಿಯೆಲ್ಲ ಕಾಯುತ್ತಿತ್ತು. ಅವರು ಬೆರಳು ಮಡಿಸುತ್ತಾ ಲೆಕ್ಕ ಹಾಕತೊಡಗಿದರು.

"ನಿಂಗಪ್ಪ, ಕೋಳಿ ಇಪ್ಪತ್ತೊಂದು ದಿನ ಕಾವಿಗೆ ಕುಂತ್ರೆ ಮರಿ ಮಾಡ್ತದೆ ಅಲ್ವೇನೋ?"

"ಹೂಂ ದೊಡ್ಡವ್ವ."

"ನಾನು ಮೂವತ್ತು ವರ್ಷ ಕುಂತಿವ್ನಿ ಕಣೋ! ನನ್ನ ಮರಿ ಎಲ್ಲೋ?"

ಮೊದಲು ಅವರೇ ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಸುರಿಯುವ ಹಾಗೆ ನಕ್ಕರು. ಸಾವುಕಾರರು ಅಮ್ಮನನ್ನು ಹಿಡಿದುಕೊಳ್ಳಲು ಹೋಗಿ ತಾವೂ ನಗಲಾರಂಭಿಸಿ ಕಂಬ ಹಿಡಿದುಕೊಂಡರು. ಬೀದಿಗೆ ಬೀದಿಯೇ ನಕ್ಕಿತು. ನಿಂಗಪ್ಪ ಮೇಸ್ತ್ರಿ ನಕ್ಕರೋ ಅತ್ತರೋ ನನಗೆ ಇವತ್ತಿಗೂ ಗೊತ್ತಿಲ್ಲ, ದೊಡ್ಡವ್ವನ ಕಾಲಿಗೆ ಹಣೆ ಹಚ್ಚಿದ್ದರು, ಬೆನ್ನು ಮಾತ್ರ ಕುಲುಕುತ್ತಿತ್ತು.

"ನನಗೆ ಸುಳ್ಳು ಹೇಳಿದ್ದು ತಪ್ಪೇ ಕಣೋ. ಅದನ್ನ ಶಿವನ ಹತ್ರ ನೀನೇ ಹೇಳ್ಕೊ," ಎಂದರು ನಗು ನಿಂತ ಮೇಲೆ. ಅರೆಯುವ ಹೆಂಗಸರು ನಮ್ಮ ಕಥೆಯನ್ನೆಲ್ಲ ಅವರ ಕಿವಿಗೆ ಹಾಕಿದ್ದರು. "ಮೀಸೆ ಕಂಡ್ರೆ ಮಗಳನ್ನ ಕೊಡ್ತೀನಿ ಅಂದಿದ್ದೆಯಂತೆ. ಕಂಡ್ತಾ?"

"ಕಂಡ್ತು ದೊಡ್ಡವ್ವ. ಕೊಟ್ಟೆ."

ನಾನು ಇನ್ನೇನು ಕುಣಿಯಬೇಕು, ಸಾಕಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನಡುವೆ ನಿಂತಳು.

"ಕೊಟ್ಟೆ ತಗಂಡೆ ಅನ್ನೋಕೆ ನಾನೇನು ಕರಣೆನಾ? ಬಿಲ್ವ ಕಂಡಿದ್ದು ನಾನು, ಗಾರೆ ಅದ ಮಾಡಿದ್ದು ನಾನು. ಇನ್ಮ್ಯಾಕೆ ಗೋಣಿತಾಟು ಇಲ್ಲ, ಆಣೆ ಇಲ್ಲ. ಏನ್ ಬೆರುಸ್ಬೇಕು ಅನ್ನೋದು ನನ್ ಮಾತು. ಉಜ್ಜೋದು ಈ ದೊರೆ ಕೆಲ್ಸ. ಇದಕ್ಕೆ ಒಪ್ತಾನಾ ಕೇಳಿ, ಆಮ್ಯಾಕೆ ನಾನು ಹೂಂ ಅಂತೀನಿ."

ಬೀದಿಯೆಲ್ಲ ನನ್ನ ಮುಖ ನೋಡಿತು. ದೊಡ್ಡವ್ವ ಕಂಬದೊಳಗೆ ನನ್ನ ನೆರಳು ಹುಡುಕುತ್ತಿದ್ದರು. ಮೇಸ್ತ್ರಿ ಕೂತಲ್ಲಿಂದಲೇ ನನ್ನ ಮೊಣಕಾಲಿಗೊಂದು ತಿವಿದು, "ಹೂಂ ಅನ್ಲಾ ಬೇಕೂಫ," ಎಂದರು.

ಹೂಂ ಅಂದೆ. ಅಂದಿನಿಂದ ಅದನ್ನೇ ಅನ್ನುತ್ತಿದ್ದೇನೆ.